ಅತ್ತೆಯೂ ಮೂರು ಚುಕ್ಕಿಗಳೂ

ನಮ್ಮ ಸೋದರತ್ತೆಯ ಕಾರ್ಡುಗಳಿಗೆ ಹೆದರಿ ಅರಸೀಕೆರೆಯಿಂದ ಒಬ್ಬ ಅಧಿಕಾರಿ ವರ್ಗ ಮಾಡಿಸಿಕೊಂಡು ಓಡಿಹೋದರು ಎಂದು ಊರಲ್ಲಿ ಆಡಿಕೊಳ್ಳುತ್ತಾರೆ. ಶುದ್ಧ ಸುಳ್ಳು! ಓಡಿಹೋದವರು ಇಬ್ಬರು.

ನಲ್ಲಿಯಲ್ಲಿ ನೀರು ಬರಲಿಲ್ಲವೆಂದರೆ ನೀವೂ ನಾನೂ ಏನು ಮಾಡುತ್ತೇವೆ? ಪಕ್ಕದ ಮನೆಯವರ ಹತ್ತಿರ ಗೊಣಗುತ್ತೇವೆ. ಅತ್ತೆ ಅಂಚೆ ಕಾರ್ಡು ಬರೆಯುತ್ತಾರೆ. ಕಾರ್ಡೇ, ಕವರಲ್ಲ. ಒಮ್ಮೆ ಅಧಿಕಾರಿಯೊಬ್ಬರು ಪಾಪ, ಮನೆಗೇ ಬಂದು ಅಲವತ್ತುಕೊಂಡರು.

"ಅಮ್ಮಾ, ಕವರಲ್ಲಿ ಹಾಕಿ ಕಳಿಸಬಾರದೇ? ಅಟೆಂಡರ್ ಓದ್ಬಿಟ್ಟು ಆಫೀಸಿಗೆಲ್ಲ ಡಂಗುರ ಹೊಡೀತಾನೆ."

"ಅವನು ಓದ್ಲಿ ಅಂತಲೇ ಕಾರ್ಡು ಕಣ್ರೀ. ನೀವಂತೂ ಓದಲ್ಲವಲ್ಲ!"

ಮಾರನೆಯ ದಿನ ನೀರು ಬಂತು.

ಈ ಬರೆಯುವ ರೋಗ ನಮ್ಮ ಮನೆತನದ್ದು. ತಾತ, ಅಂದರೆ ಅತ್ತೆಯ ಅಪ್ಪ, ಬ್ರಿಟಿಷರ ಕಾಲದಲ್ಲಿ ಜೈಲಿಗೆ ಹೋದವರು. ಅಲ್ಲಿಂದ ಅಜ್ಜಿಗೆ ಉದ್ದುದ್ದ ಕಾಗದ ಬರೆಯುತ್ತಿದ್ದರು. ಅಜ್ಜಿಯದು ಗಿಡ್ಡ ಉತ್ತರ: "ತಪ್ಪೊಪ್ಪಿಗೆ ಬರೆದುಕೊಟ್ಟು ಬರುವುದಾದರೆ ನಾನು ಬಾಗಿಲು ತೆಗೆಯುವುದಿಲ್ಲ. ಹೊಟ್ಟೆನೋವು ಹೇಗಿದೆ?" ಇಂಥ ಹೆಂಡತಿ ಮನೆಯಲ್ಲಿರುವಾಗ ಜೈಲೇ ವಾಸಿ ಎಂದು ತಾತ ಅಲ್ಲೇ ಉಳಿದಿರಬೇಕು!

ತುರ್ತು ಪರಿಸ್ಥಿತಿಯ ಕಾಲಕ್ಕೆ ಅತ್ತೆ ಇನ್ನೂ ಮದುವೆಯಾಗದ ಹುಡುಗಿ. ಸರ್ಕಾರವನ್ನು ಬೈದು ಪೋಸ್ಟರ್ ಬರೆದು ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಿದರು. ಪೊಲೀಸ್ ಪೇದೆ ಬಂದು, "ಇದನ್ನ ಬರೆದೋರು ಯಾರು?" ಎಂದು ಗದರಿದನಂತೆ. "ನಾನೇ. ಯಾಕೆ, ಕಾಗುಣಿತ ತಪ್ಪೈತಾ?" ಎಂದರಂತೆ ಅತ್ತೆ. ಆತ ನಿಜವಾಗಿಯೂ ಗೋಡೆಯ ಕಡೆ ತಿರುಗಿ ಓದಲು ಶುರುಮಾಡಿದನಂತೆ.

ಇನ್ನು ನಾನು, ವಾಟ್ಸಾಪಿನಲ್ಲಿ ಬಂದದ್ದನ್ನು ಮುಂದಕ್ಕೆ ತಳ್ಳುವ ಪೀಳಿಗೆಯವಳು. ಒಮ್ಮೆ ಅತ್ತೆಗೂ ಏನೋ ದೇಶೋದ್ಧಾರದ ಸಂದೇಶ ಕಳಿಸಿದೆ. "ಇದು ನಿನ್ನ ಅಭಿಪ್ರಾಯವೋ, ಪೋಸ್ಟ್‌ಮನ್ ಕೆಲಸವೋ?" ಎಂಬ ಉತ್ತರ ಬಂತು. ಕಾರ್ಡಿನಲ್ಲಿ!

ಹೀಗಿರಲು, ಬೇಲೂರಿನ ಒಂದು ಸಮಿತಿಯವರು ಸುತ್ತಲಿನ ಸ್ವಾತಂತ್ರ್ಯ ಹೋರಾಟಗಾರರ ಸ್ಮರಣ ಸಂಚಿಕೆ ತರುತ್ತೇವೆಂದು ಹೊರಟರು. ಅತ್ತೆ ಖುಷಿಯಿಂದ, ತಾತ ಮನೆಯಲ್ಲಿ ನಕಲು ಇಟ್ಟುಕೊಂಡಿದ್ದ ಒಂದು ಕಾಗದದ ಪ್ರತಿ ಕೊಟ್ಟರು. ಅದು ಸ್ವಾತಂತ್ರ್ಯ ಬಂದ ಮೇಲೆ ಬರೆದದ್ದು. ತಾತನ ಜೊತೆ ಜೈಲಿನಲ್ಲಿದ್ದು, ಆಮೇಲೆ ದೊಡ್ಡ ನಾಯಕರಾದ ಗೆಳೆಯರೊಬ್ಬರಿಗೆ.

ಸಂಚಿಕೆ ಬಿಡುಗಡೆಯ ದಿನ ಅತ್ತೆ ನನ್ನನ್ನೂ ಎಳೆದುಕೊಂಡು ಹೋದರು. ಸಭೆಯಲ್ಲಿ ಸಂಚಿಕೆ ಕೈಗೆ ಬಂದದ್ದೇ ತಾತನ ಪುಟ ತೆರೆದರು. ಕಾಗದದ ನಡುವೆ ಒಂದು ವಾಕ್ಯ ಮಾಯ! ಅದರ ಜಾಗದಲ್ಲಿ ಮೂರು ಚುಕ್ಕಿ. ಯಾಕೆಂದು ವೇದಿಕೆ ನೋಡಿದರೆ ಗೊತ್ತಾಗುತ್ತಿತ್ತು. ಮುಖ್ಯ ಅತಿಥಿಯಾಗಿ ಕೂತಿದ್ದವರು ಆ ನಾಯಕರ ಮೊಮ್ಮಗ.

ಕುಟುಂಬದ ಪರವಾಗಿ ಎರಡು ಮಾತಾಡಲು ಅತ್ತೆಯನ್ನು ಕರೆದರು. ಇದಕ್ಕಿಂತ ದೊಡ್ಡ ತಪ್ಪು ಆ ಸಮಿತಿ ಮಾಡಿರಲಾರದು.

"ನಮ್ಮಪ್ಪ ಜೈಲಲ್ಲಿ ಲಾಠಿ ಏಟು ತಿಂದೋರು. ಚುಕ್ಕಿ ಇಡೋ ಅಭ್ಯಾಸ ಅವರಿಗಿರಲಿಲ್ಲ" ಎಂದು ಶುರುಮಾಡಿದರು. "ಇರಲಿ, ಚುಕ್ಕಿ ನೀವು ಇಟ್ಟಿದೀರಿ. ರಂಗೋಲಿ ನಾನು ಬಿಡಿಸ್ತೀನಿ."

ಅಧ್ಯಕ್ಷರು, "ಅಮ್ಮಾ, ಸಮಯದ ಅಭಾವ..." ಎಂದು ಎದ್ದರು. ಯಾರೋ ಮೈಕ್ ಆರಿಸಿದರು. ಅತ್ತೆಗೆ ಯಾವ ಮೈಕು? ಬಿಟ್ಟುಹೋದ ವಾಕ್ಯವನ್ನು ಹಿಂದಿನ ಸಾಲಿಗೂ ಕೇಳುವಂತೆ ಹೇಳಿದರು: "ಗೆಳೆಯಾ, ಅಂದು ನಾವು ಟೋಪಿ ಹಾಕಿಕೊಂಡೆವು, ಇಂದು ನೀನು ಜನಕ್ಕೆ ಹಾಕುತ್ತಿದ್ದೀಯೆ!"

ಹಿಂದೆ ಕೂತಿದ್ದವರೊಬ್ಬರು, "ಅಂಗೇಳಿ ಮತ್ತೆ!" ಎಂದು ಕೂಗಿದ್ದೇ ಚಪ್ಪಾಳೆಯೋ ಚಪ್ಪಾಳೆ. ಮೊಮ್ಮಗ ನಗಬೇಕೋ ಬೇಡವೋ ತಿಳಿಯದೆ ನೀರು ಕುಡಿದರು.

ಅಷ್ಟಕ್ಕೇ ಮುಗಿಯಿತೇ? ಅತ್ತೆ ಸಭಾಂಗಣದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಹೊರಗೆ ಹೋಗುವವರ ಸಂಚಿಕೆ ಇಸಕೊಂಡು, ಚುಕ್ಕಿಗಳ ಮೇಲೆ ಆ ವಾಕ್ಯವನ್ನು ಪೆನ್ನಿನಲ್ಲಿ ಬರೆದು ಕೊಡತೊಡಗಿದರು. ನನಗೂ ಒಂದು ಪೆನ್ನು ಕೊಟ್ಟು ಪಕ್ಕದಲ್ಲಿ ಕೂರಿಸಿದರು. ಅಧ್ಯಕ್ಷರು ಕೆಂಡಾಮಂಡಲವಾಗಿ ಬಂದು, "ಇದು ಸರಿಯಲ್ಲ ಮೇಡಂ. ಸಂಚಿಕೆ ಸಮಿತೀದು" ಎಂದರು.

"ಸಂಚಿಕೆ ನಿಮ್ದೇ ಇಟ್ಕೊಳ್ಳಿ. ಅಪ್ಪ ನಮ್ಮೋರು" ಎಂದ ಅತ್ತೆ ತಲೆಯೆತ್ತದೆ ಮುಂದಿನ ಪ್ರತಿಗೆ ಕೈಚಾಚಿದರು. ಜನ ಸಾಲುಗಟ್ಟಿದ್ದರು. ಅಧ್ಯಕ್ಷರು ಹೋಗಿಬಿಟ್ಟರು.

ವಾಪಸು ಬಸ್ಸು ಹಳೇಬೀಡು ದಾಟಿತು. ನನ್ನ ಬೆರಳು ನೋಯುತ್ತಿತ್ತು. ತಡೆಯಲಾರದೆ ಕೇಳಿದೆ, "ಅಷ್ಟೊಂದು ರಂಪ ಬೇಕಿತ್ತಾ ಅತ್ತೆ? ಒಂದು ವಾಕ್ಯ ತಾನೆ?"

ಬೈಗುಳಕ್ಕೆ ಸಿದ್ಧಳಾಗಿದ್ದೆ. ಅತ್ತೆ ಬೈಯಲಿಲ್ಲ. ಕಿಟಕಿಯಾಚೆ ನೋಡುತ್ತ ಕೂತಿದ್ದರು.

"ನಿಮ್ಮಪ್ಪ ಪುಣ್ಯವಂತ ಕಣೇ. ಅಪ್ಪನ ಕೈಲಿ ಬೈಸ್ಕೊಂಡು ಬೆಳೆದ. ಅವರು ತೀರಿಹೋದಾಗ ನಾನಿನ್ನೂ ತೊಟ್ಟಿಲಲ್ಲಿದ್ದೆ. ಅವರ ದನಿ ಹೆಂಗಿತ್ತು ಅಂತಲೇ ಗೊತ್ತಿಲ್ಲ ನಂಗೆ."

ಮಡಿಲಲ್ಲಿದ್ದ ಸಂಚಿಕೆಯ ಮೇಲೆ ಕೈಯಿಟ್ಟು ಅವರೇ ಮುಂದುವರಿಸಿದರು.

"ಕಾಗದದಲ್ಲಿ ಮಿಕ್ಕ ಕಡೆಯೆಲ್ಲ ಅವರು ಬರೀತಾರೆ, ಅಷ್ಟೇ. ಸಿಟ್ಟು ಬಂದ ಕಡೆ ಮಾತ್ರ ಮಾತಾಡ್ತಾರೆ. ನಂಗೆ ಕೇಳ್ಸುತ್ತೆ. ಅದನ್ನೂ ತೆಗೆದುಬಿಟ್ರೆ ಹೆಂಗೆ, ಹೇಳು?"

ಅತ್ತೆಯ ಕೈಯನ್ನು ನನ್ನ ಕೈಯಲ್ಲಿ ತೆಗೆದುಕೊಂಡೆ.

"ಏನೇ ಇದು, ಬಿಡು. ಜನ ನೋಡ್ತಾರೆ" ಎಂದರು ಅತ್ತೆ. ಬಾಣಾವರ ಬಂದರೂ ಕೈ ಮಾತ್ರ ಬಿಡಿಸಿಕೊಂಡಿರಲಿಲ್ಲ.