ಕಳೆದುಕೊಂಡರೆ ಪ್ಲಸ್ಸು

ಕೆಲವು ಕೆಲಸಗಳನ್ನು ಅರ್ಥ ಮಾಡಿಕೊಳ್ಳದೆಯೇ ಬಹಳ ವರ್ಷ ಮಾಡಿಬಿಡಬಹುದು. ಸಂಸಾರ ಅಂಥದ್ದೊಂದು, ನನ್ನ ನೌಕರಿ ಇನ್ನೊಂದು. ಪೀಣ್ಯದ ಸಣ್ಣ ಪ್ಲೇಟಿಂಗ್ ಕಾರ್ಖಾನೆಯೊಂದರಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಸೂಪರ್‌ವೈಸರ್. ನಲ್ಲಿ, ಚಿಲಕ, ಸ್ಕೂಟರಿನ ಬಿಡಿಭಾಗ, ಏನು ತಂದುಕೊಟ್ಟರೂ ನಿಕ್ಕಲ್ ತೊಟ್ಟಿಯಲ್ಲಿ ಮುಳುಗಿಸಿ, ಮುಖ ಕಾಣುವಷ್ಟು ಹೊಳಪು ಬರಿಸಿ ಕಳಿಸುತ್ತೇವೆ. ಪ್ಲಸ್ಸಿನ ಕೆಂಪು ಕೇಬಲ್ಲು ನಿಕ್ಕಲ್ ತುಂಡುಗಳಿಗೆ, ಮೈನಸ್ಸಿನ ಕಪ್ಪು ಕೇಬಲ್ಲು ನಲ್ಲಿಗೆ. ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದನ್ನು ಕರೆಂಟು ನೋಡಿಕೊಳ್ಳುತ್ತದೆ. ಒಳಗೆ ಯಾವ ಪರಮಾಣು ಏನು ಕಳೆದುಕೊಂಡಿತು, ಏನು ಪಡೆಯಿತು ಎಂದು ವಿಚಾರಿಸುವುದು ಬೇರೆಯವರ ಮನೆಯ ವಿಷಯದಲ್ಲಿ ತಲೆ ಹಾಕಿದಂತೆ ಎಂದುಕೊಂಡು ಸುಮ್ಮನಿದ್ದೆ.

ಸುಮ್ಮನಿರಲು ಬಿಡದವರು ಮಹಾದೇವಿ. ಯಾದಗಿರಿ ಕಡೆಯವರು, ಆರು ವರ್ಷಗಳಿಂದ ತೊಟ್ಟಿಯ ಮುಂದೆ ನಿಂತು ಕೊಕ್ಕೆಗಳಿಗೆ ನಲ್ಲಿ ಸಿಕ್ಕಿಸುವುದು ಅವರ ಕೆಲಸ. ಅಲ್ಲಿನ ಆವಿಗೆ ಕೆಮ್ಮು ಹಿಡಿದು ಬಿಟ್ಟೇ ಇರಲಿಲ್ಲ. ಹತ್ತನೇ ತರಗತಿ ಪಾಸಾದರೆ ಲ್ಯಾಬಿನಲ್ಲಿ ಕೆಲಸ ಎಂದು ಮಾಲೀಕರು ಮಾತು ಕೊಟ್ಟಿದ್ದರು. ನಮ್ಮ ಲ್ಯಾಬೆಂದರೆ ಒಂದು ಕಿಟಕಿ, ಒಂದು ಕುರ್ಚಿ, ನಾಲ್ಕು ಗಾಜಿನ ಕೊಳವೆ. ಆದರೂ ಆ ಕಿಟಕಿಯಿಂದ ಗಾಳಿ ಬರುತ್ತದೆ. ಮಹಾದೇವಿ ಉಳಿದೆಲ್ಲ ವಿಷಯಗಳನ್ನೂ ದಾಟಿದ್ದರು. ವಿಜ್ಞಾನ ಮಾತ್ರ ಎರಡು ಸಲ ಕೈಕೊಟ್ಟಿತ್ತು. ಪರೀಕ್ಷೆಗೆ ನಾಲ್ಕು ದಿನವಿರುವಾಗ ಊಟದ ಹೊತ್ತಿನಲ್ಲಿ ಪುಸ್ತಕ ಹಿಡಿದು ಬಂದರು.

"ಸರ್, ಪರಮಾಣು ಎಲೆಕ್ಟ್ರಾನ್ ಕಳ್ಕೊಂಡ್ರ ಏನಾಗ್ತದ್ರಿ?"

ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಸೂಪರ್‌ವೈಸರ್ ಆದವನ ಬಾಯಲ್ಲಿ ಆ ಪದ ಸುಲಭಕ್ಕೆ ಹೊರಳುವುದಿಲ್ಲ. ನನ್ನ ಅನುಭವವನ್ನೇ ನೆಚ್ಚಿದೆ. ನಾನು ಈ ವರ್ಷ ಮೆಟ್ರೋದಲ್ಲಿ ಎರಡು ಕೊಡೆ, ಒಂದು ಊಟದ ಡಬ್ಬಿ ಕಳೆದುಕೊಂಡಿದ್ದೇನೆ. ಒಂದು ಸಲವೂ ಮನೆಯಲ್ಲಿ ನನ್ನ ಬೆಲೆ ಏರಿದ್ದಿಲ್ಲ. "ಕಳ್ಕೊಂಡ್ರೆ ಮೈನಸ್ಸೇ ಅಲ್ವೇನಮ್ಮ" ಎಂದು, ಅವರ ನೋಟ್‌ಬುಕ್ಕಿನಲ್ಲಿ ನನ್ನ ಕೆಂಪು ಪೆನ್ನಿನಿಂದ ಬರೆದು ಎರಡು ಗೆರೆಯನ್ನೂ ಎಳೆದೆ. ಜೊತೆಗೆ, ಫೋನ್ ಆಫ್ ಮಾಡಿಟ್ಟು ಓದಿ ಎಂಬ ಬುದ್ಧಿವಾದ ಬೇರೆ.

ಪರೀಕ್ಷೆಯ ಹಿಂದಿನ ಸಂಜೆ ಸೊಪ್ಪು ಬಿಡಿಸುತ್ತಿದ್ದ ಹೆಂಡತಿಯ ಮುಂದೆ ನನ್ನ ಪಾಠದ ಕಥೆ ಕೊಚ್ಚಿಕೊಂಡೆ. ಅವಳು ತಲೆಯೆತ್ತದೆ ಹೇಳಿದಳು:

"ಎಲೆಕ್ಟ್ರಾನೇ ಮೈನಸ್ಸು ಕಣ್ರೀ. ಮೈನಸ್ಸು ಹೊರಗೆ ಹೋದ್ರೆ ಉಳಿಯೋದು ಪ್ಲಸ್ಸು. ನಿಮ್ಮ ತಲೆನೋವು ಹೋದ್ರೆ ನಿಮಗೆ ನಷ್ಟವಾ?"

ಮಹಾದೇವಿಗೆ ಹತ್ತು ಸಲ ಫೋನ್ ಮಾಡಿದೆ. ನನ್ನ ಬುದ್ಧಿವಾದವನ್ನು ಅವರು ಅಕ್ಷರಶಃ ಪಾಲಿಸಿದ್ದರು. ನನ್ನ ಎರಡು ಕೆಂಪು ಗೆರೆಗಳಿಂದ ಒಬ್ಬ ಹೆಂಗಸು ಇನ್ನೊಂದು ವರ್ಷ ಆ ಆವಿಯಲ್ಲೇ ಕೆಮ್ಮಬೇಕಾಗುತ್ತದೆ ಎಂದು ನಿಜಕ್ಕೂ ಹೆದರಿದೆ. ಮರುದಿನ ಬೆಳಿಗ್ಗೆ ತಿಂಡಿ ಬಿಟ್ಟು ದಾಸರಹಳ್ಳಿಯ ಪರೀಕ್ಷಾ ಕೇಂದ್ರಕ್ಕೆ ಸ್ಕೂಟರ್ ಓಡಿಸಿದೆ. ಮಕ್ಕಳನ್ನು ಬಿಡಲು ಬಂದಿದ್ದ ತಂದೆತಾಯಿಯರ ನಡುವೆ ನುಗ್ಗಿ, ಗೇಟಿನ ಹತ್ತಿರ ಅವರನ್ನು ಹಿಡಿದು, "ಮಹಾದೇವಿಯಮ್ಮ, ಪ್ಲಸ್ಸು, ಪ್ಲಸ್ಸು" ಎಂದೆ. ನಾಲ್ಕೈದು ಹುಡುಗಿಯರು ಗಾಬರಿಯಾಗಿ ತಮ್ಮ ಪುಸ್ತಕ ತೆರೆದರು.

ಮಹಾದೇವಿ ಮಾತ್ರ ನಕ್ಕರು. "ಅದು ಅವತ್ತೇ ಗೊತ್ತಾತ್ರಿ ಸರ್. ನಮ್ಮ ತೊಟ್ಟ್ಯಾಗ ನಿಕ್ಕಲ್ ಎಲೆಕ್ಟ್ರಾನ್ ಕಳ್ಕೊಂಡು ಕರಗಿ ಕಪ್ಪು ಕೇಬಲ್ ಕಡಿಗೆ ಓಡ್ತದಲ್ರಿ? ಅದೂ ಮೈನಸ್ ಇದ್ದಿದ್ರ ಮೈನಸ್ ಕಡಿಗೆ ಯಾಕ ಹೋಗ್ತಿತ್ತು? ಮ್ಯಾಲ ಪುಸ್ತಕದಾಗೂ ಕೊಟ್ಟಾಂವಗ ಧನ ಅಯಾನು, ತಗೊಂಡಾಂವಗ ಋಣ ಅಯಾನು ಅಂತ ಬರದಾರ. ತಗೊಂಡಾಂವ ಋಣದಾಗ ಬೀಳೋದು ಖರೇನ ಐತಲ್ರಿ. ಅಷ್ಟು ಸಾಕಾತು ನೆನಪಿಡಾಕ."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ಕೆಂಪು ಪೆನ್ನಿಲೆ ಗೆರಿ ಹೊಡದಿದ್ರಿ. ನಿಮಗ ಬ್ಯಾಸರ ಆಗ್ತದಂತ ಸುಮ್ಮನಾದೆ."

ಇಪ್ಪತ್ತೆರಡು ವರ್ಷ ನಾನು ನೋಡಿದ್ದ ತೊಟ್ಟಿಯನ್ನೇ ಅವರೂ ಆರು ವರ್ಷ ನೋಡಿದ್ದರು. ಜೇಬಿನಲ್ಲಿದ್ದ ಆ ಪೆನ್ನನ್ನೇ ತೆಗೆದುಕೊಟ್ಟೆ. "ಪರೀಕ್ಷಾದಾಗ ಕೆಂಪು ನಡ್ಯಂಗಿಲ್ರಿ ಸರ್" ಎಂದರು. ಆದರೂ ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡರು.

ಮಹಾದೇವಿ ಪಾಸಾದರು. ಈಗ ಕಿಟಕಿಯ ಪಕ್ಕದ ಕುರ್ಚಿ ಅವರದು. ಕೆಮ್ಮು ಎಷ್ಟೋ ಕಡಿಮೆಯಾಗಿದೆ. ದಿನವೂ ತೊಟ್ಟಿಯ ದ್ರಾವಣ ಪರೀಕ್ಷಿಸಿ, ನಾನು ಬರೆದ ರಿಜಿಸ್ಟರನ್ನೂ ನೋಡುತ್ತಾರೆ. ಮೊನ್ನೆ ಸ್ವಲ್ಪ ವಿದ್ಯೆ ತೋರಿಸೋಣವೆಂದು ಅದರಲ್ಲಿ ನಿಕ್ಕಲ್ ಅಯಾನು ಎಂದು ಬರೆದು, ಮುಂದೆ ಅಭ್ಯಾಸಬಲದಿಂದ ಮೈನಸ್ ಚಿಹ್ನೆ ಹಾಕಿದ್ದೆ. ಸಂಜೆ ರಿಜಿಸ್ಟರ್ ವಾಪಸ್ಸು ಬಂದಾಗ ಅದಕ್ಕೆ ಮೇಲಿಂದ ಕೆಳಕ್ಕೊಂದು ಗೆರೆ ಎಳೆದು ಪ್ಲಸ್ ಮಾಡಿದ್ದರು. ಗೆರೆ ಕೆಂಪಗಿತ್ತು. ಪೆನ್ನು ಕೊಟ್ಟವನು ನಾನಾದ್ದರಿಂದ ನಾನೂ ಧನ ಅಯಾನೇ ಎಂದು ಮನೆಯಲ್ಲಿ ಹೇಳಿ ನೋಡಿದೆ. "ಅವಳಿಂದ ನೀವು ತಗೊಂಡ ಪಾಠಾನೂ ಲೆಕ್ಕ ಹಾಕಿ" ಎಂದಳು ನನ್ನ ಹೆಂಡತಿ. ಇನ್ನೂ ಹಾಕುತ್ತಿದ್ದೇನೆ.