ನಮ್ಮ ತೋಟ, ಕಾರ್ಯದರ್ಶಿಗಳ ಕಾರು

ತೋಟ ಅಂದರೆ ಗಿಡ ಬೆಳೆಯುವ ಜಾಗ ಎಂದು ತಿಳಿದಿದ್ದೆ. ನಮ್ಮ ತೋಟದಲ್ಲಿ ಕಾಲಕ್ಕೊಂದು ಫಜೀತಿಯೂ ಬೆಳೆಯುತ್ತದೆ. ಅದಕ್ಕೆ ನೀರು, ಗೊಬ್ಬರ ಏನೂ ಬೇಡ.

ಹೈದರಾಬಾದಿನ ಕುಷಾಯಿಗೂಡದಲ್ಲಿ, ನಮ್ಮ ಓಣಿಯ ಕೊನೆಗೆ ಒಂದು ಸೇವಾ ಸಂಸ್ಥೆಯಿದೆ. ಸುತ್ತಲಿನ ಮುದುಕ ಮುದುಕಿಯರು ಹಗಲು ಅಲ್ಲಿ ಕೂಡುತ್ತಾರೆ, ಮಧ್ಯಾಹ್ನ ಅಲ್ಲೇ ಉಣ್ಣುತ್ತಾರೆ. ನಾನು ಅಲ್ಲಿ ಕಾಯಿಪಲ್ಲೆ ಹೆಚ್ಚುವವಳು. ಹಿತ್ತಲಿನ ಖಾಲಿ ಜಾಗದಲ್ಲಿ ಅದನ್ನು ನಾವೇ ಬೆಳೆಯೋಣ ಎಂದೆ. ಕಾರ್ಯದರ್ಶಿಗಳಿಗೆ ಅಲ್ಲಿ ಕಾರಿನ ಶೆಡ್ ಹಾಕುವ ಆಸೆ. ಸಂಸ್ಥೆಗೆ ಕಾರಿನಲ್ಲಿ ಬರುವವರು ಅವರೊಬ್ಬರೇ.

“ಎಷ್ಟು ಓದೀಯಮ್ಮಾ?” ಎಂದು ಕೇಳಿದರು. ಇಲ್ಲಿನವರ ಮಾತೆಲ್ಲ ತೆಲುಗಿನಲ್ಲೇ ನಡೆದದ್ದು. ನಾನು ನನ್ನ ಕಲಬುರಗಿ ಬಾಯಿಗೆ ತಂದು ಬರೆಯುತ್ತಿದ್ದೇನೆ.

“ಹತ್ತನೇ ಕ್ಲಾಸ್ ರೀ ಸಾರ್. ಪಾಲಕ್ ಏನು ಮಾರ್ಕ್ಸ್ ಕಾರ್ಡ್ ಕೇಳಂಗಿಲ್ಲ.”

“ಮುಂದಿನ ದಸರಾತನಕ ನೋಡತೀನಿ. ಅಡಗಿಮನಿಗೆ ಸಾಲದಿದ್ರ ಶೆಡ್ಡೇ” ಎಂದರು.

ಚಳಿಗಾಲ: ಚಪ್ಪಲಿ ಸೇವೆ

ಭಾನುವಾರ ಸೇವೆಗೆಂದು ಮೈಸೂರಿನ ಒಬ್ಬ ಸಾಫ್ಟ್‌ವೇರ್ ಹುಡುಗ ಬರುತ್ತಿದ್ದ. ತಲೆಗೆ ಟೋಪಿ, ಕೈಗೆ ಗವಸು, ಗವಸಿನೊಳಗೆ ಫೋನು. ಕೊತ್ತಂಬರಿ ಕಾಳನ್ನು ಇಡಿಯಾಗಿ ಬಿತ್ತಲು ಹೊರಟಿದ್ದ.

“ತಮ್ಮಾ, ಅದನ್ನ ನೆಲದ ಮ್ಯಾಲ ಹಾಕಿ ಚಪ್ಪಲಿಲೆ ತಿಕ್ಕಬೇಕು. ಎರಡು ಹೋಳಾದ್ರನ ಲಗೂ ಮೊಳಕಿ ಬರತಾವ” ಎಂದೆ.

“ತಿನ್ನೋ ಪದಾರ್ಥಕ್ಕೆ ಚಪ್ಪಲೀನಾ ಅಕ್ಕಾ?” ಎಂದು ಬೆವೆತ. ಮುಂದಿನ ಭಾನುವಾರ ಹೊಸ ಚಪ್ಪಲಿ ಜೋಡಿ ತಂದ. ಸೋಪು ಹಚ್ಚಿ ಎರಡು ಸಲ ತೊಳೆದ, ಒರೆಸಿದ, ಆಮೇಲೆ ಕೂತು ಒಂದೊಂದೇ ಕಾಳನ್ನು ಮೆಲ್ಲಗೆ ತಿಕ್ಕಿದ. ಎಲ್ಲರಿಗಿಂತ ಮೊದಲು ಅವನ ಮಡಿಯೇ ಹಸಿರಾಯಿತು. ಅಷ್ಟರಲ್ಲಿ ಅವರಮ್ಮನ ಫೋನು ಬಂತು, ಏನು ಮಾಡುತ್ತಿದ್ದೀ ಎಂದು. ಇವನು ಎದೆಯುಬ್ಬಿಸಿ ಹೇಳಿದ: “ಚಪ್ಪಲಿ ತೊಳೀತಿದ್ದೀನಮ್ಮ. ಇವತ್ತು ಮತ್ತೆ ಬಿತ್ತನೆ ಇದೆ.”

ಬೇಸಿಗೆ: ರೇಷ್ಮೆ ನೆರಳು

ಏಪ್ರಿಲ್ ಬಿಸಿಲಿಗೆ ಸಸಿಗಳು ತಲೆ ಬಾಗಿಸಿದವು. ಮನೆ ಮನೆಯಿಂದ ಹಳೆಯ ಸೀರೆ ಬೇಡಿ ತಂದು ಮಡಿಗಳ ಮೇಲೆ ಕಟ್ಟಿದೆವು. ಊಟಕ್ಕೆ ಬಂದ ಅಜ್ಜಿಯೊಬ್ಬಳು ಬದನೆ ಮಡಿಯ ಮುಂದೆ ನಿಂತುಬಿಟ್ಟಳು.

“ಇದು ನನ್ನ ಮದುವಿ ಸೀರಿ.”

“ನಿಮ್ಮ ಸೊಸಿನ ಕೊಟ್ಟಾಳ್ರಿ ಅಮ್ಮಾ. ಈಗ ಬಿಚ್ಚತೀನಿ” ಎಂದೆ.

ಅಜ್ಜಿ ಸುತ್ತಲೂ ನೋಡಿದಳು. ಆಚೆ ರಸ್ತೆಯಲ್ಲಿ ಸಿಗ್ನಲಿಗೆ ನಿಂತ ಬಸ್ಸಿನವರೆಲ್ಲ ಕಿಟಕಿಯಿಂದ ಆ ಜರಿಯಂಚನ್ನೇ ನೋಡುತ್ತಿದ್ದರು.

“ಇರಲಿ ಬಿಡವ್ವಾ” ಎಂದಳು. “ನಾ ಉಟ್ಟಾಗ ನಮ್ಮ ಮನಿಯಾವರೂ ಇಷ್ಟು ಹೊತ್ತು ನೋಡಿರಲಿಲ್ಲ.”

ಭಾದ್ರಪದ: ನಾನು ಕಿತ್ತ ಕಳೆ

ನನ್ನದೂ ಒಂದು ಹೇಳಬೇಕು. ಬೇಲಿಯುದ್ದಕ್ಕೂ ಬಿಳಿ ನಸುಗೆಂಪು ತೆನೆಯಂಥ ಹೂವಿನ ಕಳೆ ಎದ್ದಿತ್ತು. ಒಂದೇ ಮುಂಜಾನೆ ಎಲ್ಲ ಕಿತ್ತು ಗೊಬ್ಬರದ ಗುಂಡಿಗೆ ಹಾಕಿ, ಹೆಮ್ಮೆಯಿಂದ ಸೊಂಟದ ಮೇಲೆ ಕೈಯಿಟ್ಟು ನಿಂತೆ. ಅಜ್ಜಿಯರು ಬಂದು ನೋಡಿ ಅಲ್ಲೇ ಕುಸಿದು ಕೂತರು. ಅದು ಗುನುಗು. ಬತುಕಮ್ಮ ಹಬ್ಬಕ್ಕೆ ಹೂವಿನ ಗೋಪುರ ಕಟ್ಟಲು ಅದು ಬೇಕೇ ಬೇಕು. ಮೂರು ತಿಂಗಳಿಂದ ಅವರು ಅದಕ್ಕೆ ಕದ್ದು ನೀರು ಹಾಕುತ್ತಿದ್ದರಂತೆ. ಆ ವಾರವೆಲ್ಲ ನನ್ನ ಪುಟ್ಟ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಖಾಲಿ ಸೈಟುಗಳನ್ನು ಸುತ್ತಿ, ಎರಡು ಹೊರೆ ಗುನುಗು ಹೊತ್ತು ತಂದೆ. ತಾನೇ ಕಿತ್ತ ಕಳೆಯನ್ನು ಹುಡುಕಿಕೊಂಡು ಊರು ಸುತ್ತಿದ ತೋಟಗಾರ್ತಿ ಹೈದರಾಬಾದಿನಲ್ಲಿ ನಾನೊಬ್ಬಳೇ ಇರಬೇಕು.

ದಸರಾ: ತೀರ್ಪಿನ ದಿನ

ಮಳೆಗಾಲ ಹಿಡಿದ ಮೇಲೆ ಅಡುಗೆಮನೆಗೆ ಒಂದು ಕಟ್ಟು ಸೊಪ್ಪೂ ಪೇಟೆಯಿಂದ ಬಂದಿರಲಿಲ್ಲ. ಅದನ್ನು ನಾನು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದೆ, ಕೇಳದವರಿಗೂ. ಆದರೂ ಕಾರ್ಯದರ್ಶಿಗಳ ಬಾಯಲ್ಲಿ ಶೆಡ್ಡೇ.

ಆ ಮಳೆಗಾಲದಲ್ಲೇ ಅವರಿಗೆ ಮೊಣಕಾಲಿನ ಆಪರೇಷನ್ ಆಗಿತ್ತು. ಎರಡು ತಿಂಗಳು ಕಾರು ಓಡಿಸಬಾರದು ಎಂದು ಡಾಕ್ಟರು ಹೇಳಿದ್ದರಿಂದ ಕಾರನ್ನು ನಮ್ಮ ಬೇಲಿಯ ಪಕ್ಕಕ್ಕೇ ನಿಲ್ಲಿಸಿದ್ದರು. ದಸರಾ ಹಿಂದಿನ ದಿನ ಕೋಲೂರಿಕೊಂಡು ಬಂದರು. ಶೆಡ್ಡಿನ ಅಳತೆ ಹಿಡಿಯುವವನೂ ಜೊತೆಗಿದ್ದ.

ಕಾರು ಕಾಣಲಿಲ್ಲ. ಕಾರಿದ್ದಲ್ಲಿ ಒಂದು ಹಸಿರು ಗುಡ್ಡವಿತ್ತು. ಬೇಲಿಯ ಹೀರೇಬಳ್ಳಿ ಬಾನೆಟ್ ಹತ್ತಿ, ಮೇಲ್ಛಾವಣಿ ದಾಟಿ ಹಿಂದೆ ಇಳಿದಿತ್ತು. ಕನ್ನಡಿಗೊಂದು, ಬಾಗಿಲ ಹಿಡಿಕೆಗೊಂದು ಹೀರೇಕಾಯಿ ಜೋತು ಬಿದ್ದಿದ್ದವು.

“ಕುಡಗೋಲು ತಾ” ಎಂದರು.

ಅಜ್ಜಿಯರು ಕಾರಿಗೆ ಅಡ್ಡ ನಿಂತರು. “ಕಾಯಿ ಹಿಡಿದ ಬಳ್ಳಿ ಕೊಯ್ಯತೀರೇನು? ಬಸುರಿ ಹೆಣ್ಣಮಗಳನ್ನ ಹಬ್ಬದ ದಿನ ಮನಿಯಿಂದ ಹೊರಗ ಹಾಕಿದಂಗ ಆಗತೈತಿ. ಕಾಯಿ ಮುಗಿಯೋತನಕ ಬಸ್ಸಿಗೆ ಅಡ್ಡಾಡ್ರಿ” ಎಂದಳು ಸೀರೆಯ ಅಜ್ಜಿ.

“ನಾಳೆ ಕಾರಿನ ಪೂಜಿ ಐತಲ್ಲಮ್ಮಾ?”

“ಹಾರ ಆಗಲೇ ಬಿದ್ದೈತಲ್ರಿ” ಎಂದೆ ನಾನು.

ಕಾರ್ಯದರ್ಶಿಗಳು ಬಗ್ಗಿ ಕಿಟಕಿಯೊಳಗೆ ಕೈಯಾಡಿಸಿದರು. ಅಂಥ ಬಿಸಿಲಿನಲ್ಲೂ ಸೀಟು ತಣ್ಣಗಿತ್ತು. ಅಳತೆಯವನ ಕಡೆ ತಿರುಗಿ ಹೇಳಿದರು: “ತಗಡು ಬ್ಯಾಡ. ನಾಕು ಕಂಬ ನಿಲ್ಲಿಸಿ ಚಪ್ಪರ ಹಾಕು. ಮ್ಯಾಲ ಬಳ್ಳಿ, ಕೆಳಗ ಕಾರು. ಉಳಿದ ಜಾಗ ಆಕೀದ.”

ಅಜ್ಜಿಯರು ಚಪ್ಪಾಳೆ ತಟ್ಟಿದರು. ನಾನು ಮಗಳನ್ನು ಎತ್ತಿಕೊಂಡು ಹೋಗುವಷ್ಟರಲ್ಲಿ ಕಾರ್ಯದರ್ಶಿಗಳು ಕೋಲಿನ ತುದಿಯಿಂದ ವೈಪರ್ ತೋರಿಸಿದರು. ಅಲ್ಲಿಂದ ಬೇಲಿಯತನಕ ಬಿಗಿಯಾಗಿ ಒಂದು ಸುತಳಿ ಕಟ್ಟಿತ್ತು.

“ಇದನ್ನೂ ಬಳ್ಳಿನ ಕಟಗೊಂಡೈತೇನಮ್ಮಾ?”

“ಹತ್ತಿದ್ದು ಬಳ್ಳಿನೇ ರೀ ಸಾರ್” ಎಂದೆ. “ದಾರಿ ಅಷ್ಟ ನಾ ತೋರಿಸೀನಿ.”