ಮಾರಾಟಕ್ಕಿದ್ದ ಎರಡು ಸೀಟಿನ ಕಾರು

ಅಂಗಡಿ ಮುಂದೆ ಬಿಳೀ ಫ್ಯಾಮಿಲಿ ಕಾರು ನಿಲ್ಲಿಸಿದರೆ ಗಿರಾಕಿ ಬರುತ್ತಾನೆ. ಕೆಂಪು ಸ್ಪೋರ್ಟ್ಸ್ ಕಾರು ನಿಲ್ಲಿಸಿದರೆ ಗಿರಾಕಿಯೊಬ್ಬನನ್ನು ಬಿಟ್ಟು ಮಿಕ್ಕೆಲ್ಲರೂ ಬರುತ್ತಾರೆ. ರಾಜಾಜಿನಗರದಲ್ಲಿ ಹಳೇ ಕಾರುಗಳ ವ್ಯಾಪಾರ ಮಾಡಿಕೊಂಡೇ ತಲೆ ನೆರೆಸಿಕೊಂಡವನು ನಾನು. ಇಂಥದ್ದು ನನಗೆ ವಾರಕ್ಕೊಂದು ಆಗುತ್ತಿರುತ್ತದೆ, ಆದರೆ ಈ ಒಂದು ಕಾರಿನಿಂದ ಆದಷ್ಟು ಬೇರೆ ಯಾವುದರಿಂದಲೂ ಆಗಿಲ್ಲ.

ಬಸವೇಶ್ವರನಗರದ ಹಿರಿಯರೊಬ್ಬರು ಮಗುವಿನ ಹಾಗೆ ನೋಡಿಕೊಂಡಿದ್ದ ಕಾರು ಅದು. ನಮ್ಮಪ್ಪನ ಕಾಲದ ವಿಲಾಯತಿ ಗಾಡಿ. ಉದ್ದ ಮೂತಿ, ಎರಡೇ ಸೀಟು, ತಲೆಯ ಮೇಲೆ ಮಡಚಿಡುವ ಬಟ್ಟೆ. ಬಣ್ಣ, ಚರ್ಮದ ಸೀಟು, ಮರದ ಸ್ಟೇರಿಂಗು ಎಲ್ಲವೂ ಫ್ಯಾಕ್ಟರಿಯಿಂದ ಬಂದದ್ದೇ. ಬಾನೆಟ್ಟಿನ ಮೇಲೆ ಬಣ್ಣ ಸ್ವಲ್ಪ ಮಾಸಿದೆ, ಸೀಟು ಒಂದೆರಡು ಕಡೆ ಸುಕ್ಕಾಗಿದೆ. ಆ ಮಾಸು, ಆ ಸುಕ್ಕು ಇರುವುದಕ್ಕೇ ಅದಕ್ಕೆ ಬೆಲೆ. ಹೊಸ ಬಣ್ಣ ಹೊಡೆದರೆ ಅದು ಬರೀ ಹಳೇ ಕಾರು.

ನನ್ನ ಬಂಡವಾಳವೆಲ್ಲ ಅದರಲ್ಲಿ ಸಿಕ್ಕಿಕೊಂಡಿತ್ತು. ಅದರ ಯೋಗ್ಯತೆ ಅರಿತವನೊಬ್ಬ ಬರುವ ತನಕ ಯಾರೂ ಅದಕ್ಕೆ ಏನೂ ಉಪಕಾರ ಮಾಡದಂತೆ ಕಾಯುವುದಷ್ಟೇ ನನ್ನ ಕೆಲಸ. ಅಷ್ಟಕ್ಕೇ ನಾನು ಸುಸ್ತಾದೆ.

ಮೇಲೆ ಏನೂ ಇಲ್ಲ

ಮೊದಲು ಬಂದವರು ಕೆಂಗೇರಿ ಕಡೆಯ ಜಮೀನ್ದಾರರು. ಬಿಳಿ ಶರ್ಟು, ಬಿಳಿ ಪಂಚೆ, ಕೈಯಲ್ಲಿ ಎರಡು ಫೋನು. ಕಾರಿಗೆ ಒಂದು ಸುತ್ತು ಬಂದು, ಸಂತೆಯಲ್ಲಿ ಎತ್ತಿನ ಬೆನ್ನು ತಟ್ಟುವ ಹಾಗೆ ತಟ್ಟಿದರು.

"ಮೈಲೇಜ್ ಎಷ್ಟು ಕೊಡ್ತದೆ?"

"ಅದನ್ನ ಕೇಳೋರಿಗೆ ಇದು ಹೊಂದಲ್ಲ ಅಣ್ಣ."

"ಹೋಗ್ಲಿ ಬಿಡಿ. ಡಿಕ್ಕಿಲಿ ಎಷ್ಟು ಮೂಟೆ ಹಿಡೀತದೆ?"

"ಮೂಟೆ ಇಲ್ಲ. ಒಂದು ಕೈಚೀಲ ಇಡಬಹುದು, ಅದೂ ತರಕಾರಿ ಕಮ್ಮಿ ತಂದ ದಿನ."

"ಮೇಲೆ ಕ್ಯಾರಿಯರ್ ಹಾಕಿಸ್ಕೊಂಡ್ರೆ?"

"ಮೇಲೆ ಅನ್ನೋದೇ ಇಲ್ಲ ಅಣ್ಣ. ಬಟ್ಟೆ ಮಡಚಿದ್ರೆ ಆಕಾಶ."

ಅವರು ತಲೆ ಎತ್ತಿ ಆಕಾಶ ನೋಡಿದರು. ಕಾರು ನೋಡಿದರು. ಮತ್ತೆ ಆಕಾಶ ನೋಡಿದರು. ಆಸೆ ಬಿಟ್ಟರು ಅಂದುಕೊಂಡು ನಾನು ಕುರ್ಚಿಯ ಕಡೆ ತಿರುಗಿದ್ದೆ.

"ಅದೂ ಒಳ್ಳೇದೇ," ಅಂದರು. "ತೋಟದ ಪೈಪು ಎಷ್ಟು ಉದ್ದ ಇದ್ರೂ ಸೀಟಲ್ಲಿ ನೆಟ್ಟಗೆ ನಿಲ್ಲಿಸ್ಕೊಂಡು ಹೋಗಬಹುದು."

ದೃಷ್ಟಿ

ಆಯುಧಪೂಜೆ ಬಂತು. ಹೊರಗಿನವರನ್ನು ತಡೆಯಬಹುದು, ಮನೆಯಾಕೆಯನ್ನು ತಡೆಯುವುದು ಹೇಗೆ? ಅಂಗಡಿಯ ಅಷ್ಟೂ ಗಾಡಿಗಳಿಗೆ ವಿಭೂತಿ ಪಟ್ಟೆ ಎಳೆದು, ಅರಿಶಿನ ಕುಂಕುಮ ಹಚ್ಚಿ, ಬಾಳೆಕಂದು ಕಟ್ಟಿಕೊಂಡು ಬಂದ ನನ್ನ ಹೆಂಡತಿ ಕೆಂಪು ಕಾರಿನ ಹತ್ತಿರ ಬಂದಾಗ ನಾನು ಅಡ್ಡ ನಿಂತೆ.

"ಇದಕ್ಕೆ ಬೇಡ ಕಣೇ. ಅರಿಶಿನ ಹಿಡಿದ್ರೆ ಹೋಗಲ್ಲ. ಒರಿಜಿನಲ್ ಪೇಂಟು."

"ದೇವರು ಡೂಪ್ಲಿಕೇಟಾ?"

ಕೊನೆಗೆ ರಾಜಿಯಾಯಿತು. ಬಾನೆಟ್ಟಿನ ಮೇಲೆ ಒಂದು ಬಾಳೆಲೆ ಹಾಸುವುದು, ಪೂಜೆಯೆಲ್ಲ ಎಲೆಯ ಮೇಲೆ. ನೋಡಿದವರಿಗೆ ಕಾರಿಗೆ ಊಟಕ್ಕೆ ಹಾಕಿದ ಹಾಗಿತ್ತು. ಆಮೇಲೆ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, "ಹತ್ತಿಸಿ" ಅಂದಳು. ಸ್ಟಾರ್ಟ್ ಮಾಡಿದೆ. ಕಾರು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಪಕ್ಕದ ಟೈರು ಅಂಗಡಿಯವರೂ ನಾನೂ ಸೇರಿ ತಳ್ಳಿದೆವು. ನಿಂಬೆಹಣ್ಣು ಜಾರಿ ಚರಂಡಿಗೆ ಉರುಳಿತು. ಇನ್ನೊಂದು ಇಟ್ಟಳು. ಮತ್ತೆ ತಳ್ಳಿದೆವು. ಅದೂ ಉರುಳಿತು.

ನಾನು ಸೊಂಟ ಹಿಡಿದುಕೊಂಡು ನೆಲಕ್ಕೇ ಕೂತೆ. ಅವಳು ಮೂರನೇ ನಿಂಬೆಹಣ್ಣು ತಂದು ನನ್ನ ತಲೆಗೆ ನಿವಾಳಿಸತೊಡಗಿದಳು.

"ಏನೇ ಇದು, ಕಾರು ಅಲ್ಲಿದೆ."

"ದೃಷ್ಟಿ ತಗುಲಿರೋದು ಕಾರಿಗಲ್ಲ ಬಿಡಿ. ಅದನ್ನ ತಗೊಂಡೋರಿಗೆ."

ಭಾವಿ ಅಳಿಯನ ಗಾಡಿ

ಒಂದು ಭಾನುವಾರ ವಿಜಯನಗರದ ಹುಡುಗನೊಬ್ಬ ಕೂಲಿಂಗ್ ಗ್ಲಾಸು ಹಾಕಿಕೊಂಡು ಬಂದ. "ಅಣ್ಣ, ಒಂದೇ ಒಂದು ಫೋಟೋ" ಅಂದ. ಮುಟ್ಟದೆ ನಿಂತುಕೊಳ್ಳಪ್ಪ ಅಂದೆ. ಮುಟ್ಟಲಿಲ್ಲ, ಅಷ್ಟರ ಮಟ್ಟಿಗೆ ಒಳ್ಳೆಯವನು.

ಹದಿನೈದು ದಿನ ಬಿಟ್ಟು ಇಸ್ತ್ರಿ ಮಾಡಿದ ಅರ್ಧ ತೋಳಿನ ಶರ್ಟಿನವರೊಬ್ಬರು ಬಂದು ಕಾರನ್ನೇ ನೋಡುತ್ತ ನಿಂತರು. ಒಳಗೆ ಕೂರಿಸಿ ಕಾಫಿ ತರಿಸಿದೆ. ಅಂತೂ ಗಿರಾಕಿ ಬಂದ ಅಂದುಕೊಂಡೆ.

"ರಿಪೇರಿ ಎಲ್ಲಾ ಆಯ್ತಾ ಸಾರ್?" ಅಂದರು.

"ಯಾವ ರಿಪೇರಿ?"

"ಇದು ನಮ್ಮ ಭಾವಿ ಅಳಿಯಂದಿರ ಗಾಡಿ. ಸರ್ವೀಸಿಗೆ ಬಿಟ್ಟಿದೀನಿ ಅಂತ ಹುಡುಗ ಹೇಳಿದ. ಈ ಕಡೆ ಬಂದಿದ್ದೆ, ನೋಡ್ಕೊಂಡು ಹೋಗೋಣ ಅಂತ." ಫೋನಿನಲ್ಲಿ ಫೋಟೋ ತೋರಿಸಿದರು. ಅದೇ ಕೂಲಿಂಗ್ ಗ್ಲಾಸು.

ನಿಜ ಹೇಳಿದರೆ ಮದುವೆ ಕೆಡುತ್ತದೆ. ಸುಳ್ಳು ಹೇಳಿದರೆ ನಾನು ಮೆಕ್ಯಾನಿಕ್ ಆಗುತ್ತೇನೆ. ವ್ಯಾಪಾರಸ್ಥ ಎರಡೂ ಹೇಳಬಾರದು.

"ಇನ್ನೂ ಅವರದ್ದಾಗಿಲ್ಲ ಸಾರ್," ಅಂದೆ. "ನೀವು ಮನಸ್ಸು ಮಾಡಿದ್ರೆ ಆಗುತ್ತೆ."

ಕಾಫಿ ಅರ್ಧಕ್ಕೇ ಬಿಟ್ಟು ಹೋದರು.

ಮೊದಲ ಸವಾರಿ

ಕೊನೆಗೂ ಬಂದರು, ಮಹಾಲಕ್ಷ್ಮಿ ಲೇಔಟಿನ ಹಲ್ಲಿನ ಡಾಕ್ಟರು. ಬಾಯೊಳಗೆ ಬಿಡುವ ಪುಟ್ಟ ಕನ್ನಡಿಯನ್ನೇ ತಂದು ಕಾರಿನ ಹೊಟ್ಟೆ, ಬಾಗಿಲ ಸಂದು, ಸೀಟಿನ ಅಡಿ ಎಲ್ಲ ನೋಡಿದರು. "ಒಂದೂ ಕಟ್ಟಿಸಿದ್ದಲ್ಲ, ಎಲ್ಲಾ ಹುಟ್ಟಿದ್ದೇ," ಅಂತ ನಿಟ್ಟುಸಿರಿಟ್ಟರು. ಈ ಮನುಷ್ಯನಿಗಾಗಿಯೇ ನಾನು ಕಾದದ್ದು.

ಶುಕ್ರವಾರ ಬೆಳಿಗ್ಗೆ ಕಾರು ಕೊಡುವ ಮುಹೂರ್ತ. ಮೊದಲ ಸವಾರಿ ಗಣಪತಿ ದೇವಸ್ಥಾನಕ್ಕೆ, ಬಂದ ಮೇಲೆ ಕಾಗದಕ್ಕೆ ಸಹಿ ಅಂತ ಮಾತಾಗಿತ್ತು. ಡಾಕ್ಟರು ಆಟೋದಲ್ಲಿ ಬಂದಿಳಿದರು. ಹಿಂದೆಯೇ ರೇಷ್ಮೆ ಸೀರೆಯ ತಾಯಿ. ಅವರ ಹಿಂದೆ, ಇನ್ನೂ ದೊಡ್ಡ ಅಂಚಿನ ರೇಷ್ಮೆ ಸೀರೆಯ ಹೆಂಡತಿ, ಪೂಜೆ ತಟ್ಟೆ ಹಿಡಿದುಕೊಂಡು.

ಮೂರು ಜನ. ಎರಡು ಸೀಟು. ಕಾರಿನ ಒಂದೊಂದು ಸ್ಕ್ರೂ ನೋಡಿದ್ದ ಡಾಕ್ಟರು ಇದೊಂದನ್ನು ಎಣಿಸಿರಲಿಲ್ಲ.

"ಅಮ್ಮ ದೊಡ್ಡೋರು, ಮೊದಲು ಅವರು ಕೂತ್ಕೊಳ್ಲಿ," ಅಂದರು ಡಾಕ್ಟರು.

"ಕೂರಿಸ್ಕೊಳ್ಳಿ," ಅಂದರು ಹೆಂಡತಿ. "ಪೂಜೆಗೆ ಜೊತೇಲಿ ಇರಬೇಕಾದೋಳು ನಾನು. ಅಂಗಡೀಲಿ ಕೂತಿರ್ತೀನಿ."

"ಹಾಗಲ್ಲ ಕಣೇ. ಎರಡು ಟ್ರಿಪ್ ಹೊಡೀತೀನಿ."

"ಎರಡನೇ ಟ್ರಿಪ್ಪಿಗೆ ನಾನಾ? ಈ ಗಾಡಿನೇ ಬೇಡ ಬಿಡಿ. ಎಲ್ಲಾರೂ ಕೂರೋ ಅಂಥದ್ದು ಯಾವ್ದಾದ್ರೂ ತೋರಿಸಿ," ಅಂತ ನನ್ನ ಕಡೆ ತಿರುಗಿದರು.

ಈ ಕಾರು ಇನ್ನೊಂದು ಆಯುಧಪೂಜೆ ನನ್ನ ಅಂಗಡಿಯಲ್ಲೇ ಮಾಡುತ್ತದೆ ಅಂತ ಖಾತ್ರಿಯಾಯಿತು.

ಅಷ್ಟರಲ್ಲಿ ತಾಯಿ ಬಾಗಿಲು ತೆಗೆದು, ಸೆರಗು ಸುತ್ತಿಕೊಂಡು, ಪಕ್ಕದ ಸೀಟಿನಲ್ಲಿ ಕೂತೇಬಿಟ್ಟರು. ಕೂತು, "ನಿಂಗೆ ಗಾಡಿ ಬರುತ್ತಲ್ಲೇ?" ಅಂತ ಸೊಸೆಯನ್ನು ಕೇಳಿದರು.

"ಬರುತ್ತೆ ಅತ್ತೆ."

"ಮತ್ತೆ ಹತ್ತು. ಇವನ್ಯಾಕೆ ಬೇಕು?"

"ಅಮ್ಮಾ, ಇದರ ಕ್ಲಚ್ಚು ಸೂಕ್ಷ್ಮ..." ಅಂತ ಡಾಕ್ಟರು ಶುರು ಮಾಡಿದರು.

"ನೀನು ಸುಮ್ನಿರೋ. ಬಿಸಿಲಾಗುತ್ತೆ."

ಪೂಜೆ ತಟ್ಟೆ ಅತ್ತೆಯ ತೊಡೆಗೆ ಹೋಯಿತು, ಸೊಸೆ ಸ್ಟೇರಿಂಗಿಗೆ. ನನಗೆ ಕೆಮ್ಮಿ ತೋರಿಸುತ್ತಿದ್ದ ಕಾರು ಅವರಿಗೆ ಒಂದೇ ಸಲಕ್ಕೆ ಎದ್ದಿತು. ಎರಡು ರೇಷ್ಮೆ ಸೆರಗುಗಳು ಗಾಳಿಯಲ್ಲಿ ಹಾರುತ್ತ ತಿರುವಿನಲ್ಲಿ ಮರೆಯಾದವು. ಅತ್ತೆ ನಗುತ್ತಿದ್ದದ್ದು ನಮಗೂ ಕೇಳಿಸಿತು.

ಡಾಕ್ಟರು ಫುಟ್‌ಪಾತಿನ ಮೇಲೆ ನಿಂತಿದ್ದರು.

"ಸಾರ್," ಅಂದರು ಮೆಲ್ಲಗೆ, "ದೇವಸ್ಥಾನಕ್ಕೆ ಇಲ್ಲಿ ಆಟೋ ಸಿಗುತ್ತಾ?"

"ಸಿಗುತ್ತೆ ಸಾರ್. ಅವರು ಬರೋದು ತಡ ಆಗಬಹುದು, ಈ ಸಹಿ ಒಂದು ಹಾಕಿ ಹೋಗ್ಬಿಡಿ."

ಹಾಕಿದರು. ಆಟೋ ನಿಲ್ಲಿಸಿ ಹತ್ತಿಸಿದೆ.

"ಎಲ್ಲಿಗೆ ಸಾರ್?" ಅಂದ ಆಟೋದವನು.

"ಈಗ ಒಂದು ಕೆಂಪು ಕಾರು ಹೋಯ್ತಲ್ಲ, ಅದರ ಹಿಂದೆ."

"ಸೂಪರ್ ಗಾಡಿ ಸಾರ್ ಅದು. ಯಾರದ್ದು?"

"ನಂದೇ," ಅಂದರು ಡಾಕ್ಟರು.

ಆಟೋದವನು ಅವರನ್ನು ಕನ್ನಡಿಯಲ್ಲಿ ಒಮ್ಮೆ ನೋಡಿದ. ಆಮೇಲೆ ನನ್ನ ಕಡೆ ಬಗ್ಗಿ, ದನಿ ತಗ್ಗಿಸಿ ಕೇಳಿದ: "ಬೆಳಿಗ್ಗೆನೇ ಹಾಕ್ಕೊಂಡಿದಾರಾ ಸಾರ್?"

ಸಹಿಯಾದ ಕಾಗದವನ್ನು ಮಡಚಿ ಜೇಬಿಗಿಟ್ಟೆ.

"ಏನೋ ಗೊತ್ತಿಲ್ಲಪ್ಪ," ಅಂದೆ. "ಹೇಳಿದ ಕಡೆ ಹುಷಾರಾಗಿ ಇಳಿಸ್ಬಿಡು."